ನಿಮ್ಮ ಪಾದದ ಅಗಲ ಎಷ್ಟು?

ನಮಸ್ಕಾರ. ಇವತ್ತು ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುವ ಬಗ್ಗೆ ಮಾತನಾಡಬೇಕಿತ್ತು. ಅದನ್ನು ಮುಂದಿನ ವಾರಕ್ಕೆ ದೂಡಿದ್ದೇನೆ. ಸೈಕಲ್ ಶೂ ಕುರಿತ ಹೋದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಶೂ ಬಿಗಿಯಾದರೆ ಒಂದು ನಂಬರ್ ದೊಡ್ಡದು ಕೊಂಡರಾಯಿತು, ಅದಕ್ಕೇಕೆ ಇಷ್ಟು ಪುರಾಣ?" 17 ಮಂದಿ ಅದನ್ನು ಮೆಚ್ಚಿದ್ದಾರೆ. ಆ 17 ಜೋಡಿ ಪಾದಗಳನ್ನು ನೆನೆದು ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಅಣ್ಣಾ, ನಂಬರ್ ಹೇಳುವುದು ಉದ್ದವನ್ನು. ನೋವು ಹುಟ್ಟುವುದು ಅಗಲದಲ್ಲಿ. ಬೆರಳುಗಳ ಬುಡದಲ್ಲಿ ಐದು ಮೂಳೆಗಳ ತಲೆಗಳು ಸಾಲಾಗಿ ನಿಂತಿವೆ, ಅವುಗಳ ಸಂದಿಯಲ್ಲಿ ನರಗಳು ಹಾದುಹೋಗುತ್ತವೆ. ಇಕ್ಕಟ್ಟಾದ ಶೂ ಎರಡೂ ಬದಿಯಿಂದ ಹಿಂಡಿದಾಗ ನರ ನಡುವೆ ಸಿಕ್ಕಿಕೊಳ್ಳುತ್ತದೆ. ಮೊದಲು ಜೋಮು, ಆಮೇಲೆ ಕೆಂಡ ತುಳಿದಂಥ ಉರಿ. ನಿಮಿಷಕ್ಕೆ 85 ಸುತ್ತು ತುಳಿದರೆ ಗಂಟೆಗೆ 5,100 ಸಲ ಅದೇ ಜಾಗಕ್ಕೆ ಒತ್ತು ಬೀಳುತ್ತದೆ. 200 ಕಿಲೋಮೀಟರಿನ ಬ್ರೆವೆ, ಅಂದರೆ ಗೊತ್ತಾದ ಅವಧಿಯೊಳಗೆ ತುಳಿಯಬೇಕಾದ ದೂರದ ಸೈಕಲ್ ಸವಾರಿ, ಮುಗಿಸಲು ಕೊಡುವ ಅವಧಿ 13 ಗಂಟೆ 30 ನಿಮಿಷ. ಲೆಕ್ಕ ನೀವೇ ಹಾಕಿ.

ಒಂದು ನಂಬರ್ ದೊಡ್ಡದು ಕೊಂಡಿರಿ ಎನ್ನೋಣ. ಹಿಮ್ಮಡಿ ಒಳಗೆ ಏಳುತ್ತದೆ. ಅದನ್ನು ತಡೆಯಲು ಪಟ್ಟಿ ಎಳೆದು ಬಿಗಿಯುತ್ತೀರಿ. ಎಲ್ಲಿ ಬಿಗಿಯಿತು? ಮತ್ತೆ ಅಗಲದಲ್ಲೇ!

ನಾನು ಇದನ್ನು ಅಣ್ಣಿಗೇರಿಯ ಹತ್ತಿರ ಕಲಿತೆ. ಹುಬ್ಬಳ್ಳಿಯಿಂದ ಲಕ್ಕುಂಡಿಗೆ ಹೋಗಿ ಬರುವುದು, ಸುಮಾರು 140 ಕಿಲೋಮೀಟರ್. ಹೊಸ ಶೂ, ಅಂಗಡಿಯವರು "ನಿಮ್ಮ ನಂಬರಿಗೆ ಸರಿಯಾಗಿದೆ" ಎಂದು ಕೊಟ್ಟದ್ದು. ಮರಳುವಾಗ ಎರಡೂ ಕಿರುಬೆರಳುಗಳು ಇವೆಯೋ ಇಲ್ಲವೋ ತಿಳಿಯದಂತಾದವು. ಬೇವಿನ ಮರದ ಕೆಳಗೆ ಕೂತು ಶೂ ಕಳಚಿದೆ. ಒಳಗಿನ ಇನ್‌ಸೋಲ್ ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತೆ. ಪಾದ ಎರಡೂ ಬದಿಗೆ ಹೊರಚೆಲ್ಲಿತ್ತು. ಉದ್ದ ಮಾತ್ರ ಅಚ್ಚುಕಟ್ಟಾಗಿ ಕೂತಿತ್ತು! ಹೊಲದಲ್ಲಿ ಕಡಲೆ ಕೀಳುತ್ತಿದ್ದ ಅಜ್ಜಿಯೊಬ್ಬರು ನೀರು ಕೊಟ್ಟು, "ಕಾಲಿಗಿಂತ ಸಣ್ಣ ಮೆಟ್ಟು ಯಾಕಪ್ಪಾ ಹಾಕಿಕೊಂಡೆ?" ಎಂದು ಕೇಳಿದರು. ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಬರಿಗಾಲಿನಲ್ಲಿ ಬೆಳೆದವರ ಪಾದ ಮುಂಭಾಗದಲ್ಲಿ ಹರಡಿಕೊಂಡಿರುತ್ತದೆ. ನಾನು ಎರೆಹೊಲದಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವನು, ನಿಮ್ಮಲ್ಲೂ ಎಷ್ಟೋ ಮಂದಿ ಹಾಗೆಯೇ. ಮುಂದೆ ಚೂಪಾಗಿ ಹೊಲಿದ ರೇಸಿಂಗ್ ಶೂಗೆ ಈ ಪಾದವನ್ನು ತುರುಕಿ, "ಹಾಕಿಕೊಳ್ಳುತ್ತಾ ಸಡಿಲವಾಗುತ್ತದೆ" ಎನ್ನುತ್ತೀರಲ್ಲ! ಇಂದಿನ ಕೃತಕ ಚರ್ಮ ಅಷ್ಟು ಸುಲಭವಾಗಿ ಹಿಗ್ಗುವುದಿಲ್ಲ. ಕಾರ್ಬನ್ ತಳವಂತೂ ಅಗಲವಾಗುವುದೇ ಇಲ್ಲ. ಅಗಲ ಬೇಕಾದರೆ ಅಗಲವನ್ನೇ ಕೊಳ್ಳಬೇಕು. ಶಿಮಾನೊ ಕೆಲವು ಮಾದರಿಗಳನ್ನು ಅದೇ ನಂಬರಿನಲ್ಲಿ 'ವೈಡ್' ಎಂದೇ ಮಾರುತ್ತದೆ. ಕೇಳಿ, ತರಿಸಿಕೊಳ್ಳಿ.

"ನಮ್ಮ ಅಜ್ಜ ಹವಾಯಿ ಚಪ್ಪಲಿಯಲ್ಲೇ ಧಾರವಾಡಕ್ಕೆ ಹಾಲು ಹಾಕಿ ಬರುತ್ತಿದ್ದರು, ಅವರಿಗೇನೂ ಆಗಲಿಲ್ಲ" ಎಂದು ಇನ್ನೊಬ್ಬರು. ನಿಮ್ಮ ಅಜ್ಜನಿಗೆ ಕೈ ಮುಗಿಯುತ್ತೇನೆ. ಆದರೆ ಅವರ ಬೆರಳುಗಳನ್ನು ಚಪ್ಪಲಿ ಎಲ್ಲಿ ಹಿಂಡುತ್ತಿತ್ತು? ಐದೂ ಬೆರಳು ಗಾಳಿಯಲ್ಲಿದ್ದವು! ನೀವು ನನ್ನ ಪಕ್ಷದಲ್ಲೇ ಸಾಕ್ಷಿ ಹೇಳಿದ್ದೀರಿ, ಅಣ್ಣಾ.

"ತಳ ಗಟ್ಟಿ ಇದ್ದರೆ ಸಾಕು" ಎನ್ನುವವರೂ ಇದ್ದಾರೆ. ಗಟ್ಟಿ ತಳ ಬೇಕು, ಒಪ್ಪುತ್ತೇನೆ, ಪೆಡಲಿನ ಒತ್ತಡವನ್ನು ಅದು ಪಾದದ ತುಂಬ ಹಂಚುತ್ತದೆ. ಶೂ ತಳವನ್ನು ಪೆಡಲಿಗೆ ಕಚ್ಚಿಸುವ ತುಂಡಾದ ಕ್ಲೀಟನ್ನು ನಾಲ್ಕೈದು ಮಿಲಿಮೀಟರ್ ಹಿಮ್ಮಡಿಯ ಕಡೆಗೆ ಸರಿಸಿದರೆ ಬೆರಳಿನ ಬುಡದ ಭಾರವೂ ಇಳಿಯುತ್ತದೆ. ಇಷ್ಟೆಲ್ಲ ಮಾಡಿ ಶೂ ಇಕ್ಕಟ್ಟಾಗಿದ್ದರೆ? ಗಟ್ಟಿ ಪೆಟ್ಟಿಗೆಯಲ್ಲಿ ಪಾದ ಹಾಕಿ ಮುಚ್ಚಳ ಬಡಿದಂತೆ. ಅಗಲ ಸರಿಯಾಗುವವರೆಗೆ ಉಳಿದದ್ದೆಲ್ಲ ಆಮೇಲಿನ ಮಾತು.

ಇನ್ನು ಬಿಸಿಲು. ಗದಗ ರಸ್ತೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೆರಳೇ ಸಿಗದ ಉದ್ದುದ್ದ ಹಾದಿ. ಶಾಖಕ್ಕೆ ಪಾದ ಊದಿಕೊಳ್ಳುತ್ತದೆ, ಬೆಳಿಗ್ಗೆ ಸರಿ ಇದ್ದ ಶೂ ಮಧ್ಯಾಹ್ನ ಹಿಡಿಯುತ್ತದೆ. ಆದ್ದರಿಂದ ಶೂ ಕೊಳ್ಳಲು ಸಂಜೆ ಹೋಗಿ, ಸೈಕಲ್ ತುಳಿಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಕಾಗದದ ಮೇಲೆ ಎದ್ದು ನಿಂತು ಪಾದದ ಗೆರೆ ಎಳೆಯಿರಿ. ಕೂತು ಎಳೆಯಬೇಡಿ, ಭಾರ ಬಿದ್ದಾಗಲೇ ಪಾದ ಹರಡುವುದು. ಎರಡು ಪಾದಗಳಲ್ಲಿ ಯಾವುದು ಅಗಲವೋ ಅದಕ್ಕೆ ಕೊಳ್ಳಿ.

ಮೊಬೈಲ್ ಕೊಳ್ಳುವಾಗ ಪರದೆಯ ಅಳತೆ ಕೇಳುತ್ತೀರಿ. ಬಾಗಿಲು ಮಾಡಿಸುವಾಗ ಬಡಗಿಗೆ ಉದ್ದ, ಅಗಲ ಎರಡೂ ಹೇಳುತ್ತೀರಿ. ಪಾದ ಏನು ಪಾಪ ಮಾಡಿದೆ? ಅಗಲ ಅಳೆಯಿರಿ ಎಂದರೆ ಪುರಾಣವೇ? ಹಾಗಾದರೆ ಪುರಾಣವೇ ಆಗಲಿ, ಪ್ರತಿ ಸಂಚಿಕೆಯಲ್ಲೂ ಓದುತ್ತೇನೆ!

ಚಾನೆಲ್‌ಗೆ ಇನ್ನೂ ಚಂದಾದಾರರಾಗದವರು ಆಗಿ, ಗಂಟೆಯ ಗುರುತನ್ನೂ ಒತ್ತಿ. ಆ 17 ಮಂದಿಗೆ ಒಂದು ಮಾತು. ಬರುವ ಭಾನುವಾರ ಸಂಜೆ ಐದಕ್ಕೆ ಉಣಕಲ್ ಕೆರೆಯ ದಂಡೆಯ ಮೇಲೆ ಕಾಗದ, ಪೆನ್ಸಿಲ್, ಅಳತೆಪಟ್ಟಿ ಹಿಡಿದು ಕಾಯುತ್ತಿರುತ್ತೇನೆ. ನಿಮ್ಮ ಶೂ ತನ್ನಿ. ಇನ್‌ಸೋಲ್ ತೆಗೆದು ಅದರ ಮೇಲೆ ನಿಲ್ಲಿ.