ಸಿಳ್ಳಾರ ಮತ್ತು ಬರ್ಡ್‌ವಿಂಗ್: ಒಂದೇ ಪಟ್ಟಿ, ಬೇರೆ ಬದುಕು

ಕೇಳುಗರಿಗೆ ನಮಸ್ಕಾರ. ಮಳೆಗಾಲದ ಮುಂಜಾವದಲ್ಲಿ, ಮಲೆನಾಡಿನ ಹಳ್ಳದ ಬದಿಯಲ್ಲಿ, ಯಾರೋ ಹುಡುಗ ರಾಗ ಹುಡುಕುತ್ತ ಸಿಳ್ಳೆ ಹಾಕುತ್ತಿರುವಂತೆ ಕೇಳಿಸುವುದು ಮಲಬಾರ್ ಸಿಳ್ಳಾರ ಎಂಬ ಹಕ್ಕಿಯ ಹಾಡು. ಬಿಸಿಲೇರಿದ ಮೇಲೆ ಅದೇ ಕಾಡಿನ ಮರಗಳ ನೆತ್ತಿಯಲ್ಲಿ ಹಳದಿ ಕಪ್ಪು ರೆಕ್ಕೆ ಬಿಚ್ಚಿ ತೇಲುವುದು ಸದರ್ನ್ ಬರ್ಡ್‌ವಿಂಗ್, ನಮ್ಮ ರಾಜ್ಯ ಚಿಟ್ಟೆ. ಹಕ್ಕಿಯಂಥ ರೆಕ್ಕೆಯುಳ್ಳದ್ದು ಎಂಬುದೇ ಆ ಹೆಸರಿನ ಅರ್ಥ.

ಹೆಸರಿನಲ್ಲಿ ಹಕ್ಕಿಯಿದ್ದರೂ ವರ್ಗೀಕರಣದ ಮೊದಲ ಮೆಟ್ಟಿಲಲ್ಲೇ ಇವೆರಡರ ದಾರಿ ಬೇರೆಯಾಗುತ್ತದೆ. ಸಿಳ್ಳಾರ ಬೆನ್ನೆಲುಬುಳ್ಳ ಪಕ್ಷಿವರ್ಗದ, ಗುಬ್ಬಿ ಕಾಗೆಗಳೂ ಇರುವ ಪ್ಯಾಸೆರಿಫಾರ್ಮಿಸ್ ಗಣದ್ದು. ಜಗತ್ತಿನ ಹಕ್ಕಿ ಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಗಣದಲ್ಲೇ ಇವೆ. ಚಿಟ್ಟೆ ಸಂಧಿಪದಿಗಳ ಕೀಟವರ್ಗದ, ಪತಂಗಗಳೂ ಸೇರಿರುವ ಲೆಪಿಡಾಪ್ಟೆರಾ ಗಣದ್ದು. ಈ ವಿಂಗಡಣೆಯೇನೂ ಶಿಲಾಶಾಸನವಲ್ಲ. ಬಹುಕಾಲ ಥ್ರಷ್ ಕುಟುಂಬದಲ್ಲಿದ್ದ ಸಿಳ್ಳಾರವನ್ನು, ಡಿಎನ್‌ಎ ಅಧ್ಯಯನಗಳ ನಂತರ, ನೊಣಹಿಡುಕಗಳ ಮಸ್ಸಿಕ್ಯಾಪಿಡೇ ಕುಟುಂಬಕ್ಕೆ ಸೇರಿಸಲಾಗಿದೆ. 1779ರಲ್ಲಿ ಡಚ್ ಕೀಟತಜ್ಞ ಕ್ರೇಮರ್ ಹೆಸರಿಸಿದ ಈ ಚಿಟ್ಟೆಯನ್ನೂ ಕೆಲಕಾಲ ಇನ್ನೊಂದು ಪ್ರಭೇದದ ಉಪಪ್ರಭೇದವೆಂದೇ ಎಣಿಸಿದ್ದರು.

ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇವೆರಡೂ 'ಕನಿಷ್ಠ ಕಾಳಜಿ'ಯ ಸಾಲಿನಲ್ಲಿವೆ, ಅಂದರೆ ಸದ್ಯಕ್ಕೆ ಅಳಿವಿನ ಅಂಚಿನಲ್ಲಿಲ್ಲ. ಆದರೆ ಇಬ್ಬರಿಗೂ ಒಂದೇ ನೆಮ್ಮದಿ ಎಂದು ಇದನ್ನು ಓದಿಕೊಳ್ಳಲು ನನಗೆ ಮನಸ್ಸು ಒಪ್ಪುವುದಿಲ್ಲ. ಸಿಳ್ಳಾರ ಕೀಟ, ಏಡಿ, ಹಣ್ಣು, ಸಿಕ್ಕಿದ್ದನ್ನು ತಿಂದು, ಹಳ್ಳದ ಬಂಡೆಯ ಸಂದಿನಲ್ಲಿ ಗೂಡು ಕಟ್ಟಿ, ಕಾಫಿ ತೋಟದ ಅಂಚಿನಲ್ಲೂ ಬದುಕಿಕೊಳ್ಳುತ್ತದೆ. ಬರ್ಡ್‌ವಿಂಗ್‌ನ ಮರಿಹುಳು ಹಾಗಲ್ಲ. ಕಗ್ಗೆಂಪು ಮೈ, ಮೈತುಂಬ ಮೆತ್ತನೆಯ ಮುಳ್ಳಿನಂಥ ಗುಬುಟುಗಳು, ನಡುವೆ ಬಿಳಿಯ ಅಡ್ಡಪಟ್ಟೆ. ಅದು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಸಂಬಂಧಿ ಗಿಡಗಳ ಎಲೆಯನ್ನು ಮಾತ್ರ. ಆ ಎಲೆಯ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳಿಗೆ ಅದು ರುಚಿಸುವುದಿಲ್ಲ.

ರೆಕ್ಕೆಯ ಅಂದಕ್ಕಾಗಿ ಸಂಗ್ರಹಕಾರರು ಹುಡುಕುವ ಚಿಟ್ಟೆಯಾದ್ದರಿಂದ ಈ ಜಾತಿಯ ಎಲ್ಲ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಕಡಿವಾಣವಿದೆ. ಬಳ್ಳಿಗೆ ಆ ಕಡಿವಾಣ ಮುಟ್ಟುವುದಿಲ್ಲ. ಈಶ್ವರಿ ಬಳ್ಳಿಯನ್ನು ಔಷಧಿಗೆಂದು ಬೇರುಸಹಿತ ಅಗೆದ, ಕಳೆಯೆಂದು ಕಿತ್ತೆಸೆದ ತೋಟದಲ್ಲಿ ಹೂವು ಎಷ್ಟೇ ಅರಳಿರಲಿ, ಹೆಣ್ಣು ಚಿಟ್ಟೆ ಮಕರಂದ ಹೀರಿ ಮುಂದೆ ಹೋಗುತ್ತದೆ. ಮೊಟ್ಟೆಯಿಡಲು ಅದಕ್ಕೆ ಅಲ್ಲಿ ಎಲೆಯಿರುವುದಿಲ್ಲ.