ವಿಂಡ್ ಕೇವ್: ಕೆಳಗೆ ಗುಹೆ, ಮೇಲೆ ಹುಲ್ಲುಗಾವಲು

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದ ಸೌತ್ ಡಕೋಟಾ ರಾಜ್ಯದಲ್ಲಿ ಬ್ಲ್ಯಾಕ್ ಹಿಲ್ಸ್ ಎಂಬ ಬೆಟ್ಟಸಾಲು ಇದೆ. ನಾಲ್ವರು ಅಧ್ಯಕ್ಷರ ಮುಖ ಕೆತ್ತಿರುವ ಮೌಂಟ್ ರಶ್‌ಮೋರ್ ಇರುವುದು ಅಲ್ಲೇ. ಅಮೆರಿಕದಲ್ಲಿರುವ ನಮ್ಮ ಕನ್ನಡದ ಕುಟುಂಬಗಳು ಬೇಸಿಗೆ ರಜೆಯಲ್ಲಿ, ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಅಲ್ಲಿಗೆ ಹೋಗುವುದುಂಟು. ಫೋಟೊ ತೆಗೆದುಕೊಂಡು ಯೆಲ್ಲೋಸ್ಟೋನ್ ಕಡೆಗೆ ಕಾರು ತಿರುಗಿಸುತ್ತಾರೆ. ಮೌಂಟ್ ರಶ್‌ಮೋರ್‌ನಿಂದ ಸುಮಾರು ಒಂದು ಗಂಟೆ ದೂರದಲ್ಲಿರುವ ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರು ಕಡಿಮೆ. ಹೋದವರಲ್ಲೂ ಎಷ್ಟೋ ಜನ ಗುಹೆಯನ್ನಷ್ಟೇ ನೋಡಿ ಹೊರಡುತ್ತಾರೆ. ಆ ಜಾಗಕ್ಕೆ ಪೂರ್ತಿ ಒಂದು ದಿನ ಕೊಡಿ ಎಂದು ಕೇಳಿಕೊಳ್ಳುವುದಕ್ಕೇ ಇವತ್ತಿನ ಈ ಮಾತು. ಅರ್ಧ ದಿನ ನೆಲದ ಕೆಳಗೆ, ಅರ್ಧ ದಿನ ನೆಲದ ಮೇಲೆ.

ಮೊದಲು ಗುಹೆಯ ಬಾಯಿ. ಅದನ್ನು ನೋಡಿದರೆ ಇದೇನಾ ಅನಿಸುತ್ತದೆ. ಬಂಡೆಯಲ್ಲಿ ಒಂದು ಸಣ್ಣ ತೂತು, ಅಗಲ ಒಂದು ಅಡಿಯ ಆಸುಪಾಸು. ದೊಡ್ಡವರು ಭುಜ ತೂರಿಸುವುದೂ ಕಷ್ಟ. ಅದರ ಹತ್ತಿರ ಹೋದರೆ ಮುಖಕ್ಕೆ ಗಾಳಿ ಬಡಿಯುತ್ತದೆ. ಕೆಲವು ದಿನ ಗಾಳಿ ಒಳಗಿನಿಂದ ಹೊರಗೆ, ಕೆಲವು ದಿನ ಹೊರಗಿನಿಂದ ಒಳಗೆ. ರೇಂಜರ್‌ಗಳು ತೂತಿನ ಮುಂದೆ ಒಂದು ರಿಬ್ಬನ್ ಹಿಡಿದು ತೋರಿಸುತ್ತಾರೆ. ಕಾರಣ ಸರಳ. ಗುಹೆ ಬಹಳ ದೊಡ್ಡದು, ಬಾಯಿಗಳು ಬಹಳ ಸಣ್ಣವು. ಹೊರಗೆ ವಾಯುಭಾರ ಏರಿದಾಗ ಗಾಳಿ ಒಳಗೆ ನುಗ್ಗುತ್ತದೆ, ಇಳಿದಾಗ ಹೊರಗೆ ಬರುತ್ತದೆ. ಮಳೆ ಬಿರುಗಾಳಿ ಬರುವ ಮುಂಚೆ ವಾಯುಭಾರ ಇಳಿಯುತ್ತದಲ್ಲ, ಆಗ ಗುಹೆ ಹೊರಕ್ಕೆ ಊದುತ್ತದೆ.

1881ರಲ್ಲಿ ಟಾಮ್ ಮತ್ತು ಜೆಸ್ಸಿ ಬಿಂಗಮ್ ಎಂಬ ಅಣ್ಣತಮ್ಮಂದಿರು ಈ ಗಾಳಿಯ ಸದ್ದು ಕೇಳಿ ತೂತಿನ ಹತ್ತಿರ ಬಂದರು. ಬಗ್ಗಿ ನೋಡಿದಾಗ ತಲೆಯ ಮೇಲಿದ್ದ ಟೋಪಿ ಹಾರಿಹೋಯಿತು. ಆಮೇಲೆ ಸ್ನೇಹಿತರಿಗೆ ತೋರಿಸಲು ಬಂದರೆ, ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತ್ತು, ಟೋಪಿಯನ್ನು ಒಳಗೆ ಎಳೆದುಕೊಂಡಿತು ಎನ್ನುತ್ತಾರೆ. ಪುಸ್ತಕಗಳಲ್ಲಿ ಇದನ್ನೇ ಗುಹೆ ಪತ್ತೆಯಾದ ವರ್ಷ ಎಂದು ಬರೆಯುತ್ತಾರೆ. ಆದರೆ ಆ ಸೀಮೆಯ ಮೂಲನಿವಾಸಿಗಳಾದ ಲಕೋಟಾ ಜನರಿಗೆ ಈ ತೂತು ಎಷ್ಟೋ ಕಾಲದಿಂದ ಗೊತ್ತಿತ್ತು. ಅವರ ಪಾಲಿಗೆ ಇದು ಮನುಷ್ಯರು ಭೂಮಿಗೆ ಬಂದ ಬಾಗಿಲು.

ಅವರ ಕಥೆಯನ್ನು ಹಲವು ಬಗೆಯಲ್ಲಿ ಹೇಳುತ್ತಾರೆ. ಒಂದು ಹೀಗಿದೆ. ಭೂಮಿ ಇನ್ನೂ ಸಿದ್ಧವಾಗಿರಲಿಲ್ಲ, ಜನ ನೆಲದಡಿಯಲ್ಲಿ ಇದ್ದರು. ಅಲ್ಲೇ ಕಾಯಿರಿ ಎಂದು ಸೃಷ್ಟಿಕರ್ತ ಹೇಳಿದ್ದ. ಆದರೆ ಮೇಲಿನಿಂದ ಮಾಂಸದ ರುಚಿಯ, ಚೆಂದದ ಬಟ್ಟೆಗಳ ಆಮಿಷ ಬಂತು. ಟೋಕಾಹೆ ಎಂಬ ಹಿರಿಯ ಒಪ್ಪಲಿಲ್ಲ. ಕೆಲವರು ಮಾತು ಮೀರಿ ಹೊರಟರು. ಬೇಸಿಗೆ ಸುಖವಾಗಿ ಕಳೆಯಿತು, ಚಳಿಗಾಲ ಬಂದಾಗ ಹಸಿವಿನಿಂದ ಕಂಗಾಲಾದರು. ಮಾತು ಮೀರಿದವರನ್ನು ಸೃಷ್ಟಿಕರ್ತ ಆ ಬಯಲಿನ ದೊಡ್ಡ ಕಾಡುದನಗಳಾದ ಬೈಸನ್‌ಗಳನ್ನಾಗಿ ಮಾಡಿದ. ಭೂಮಿ ಸಿದ್ಧವಾದ ಮೇಲೆ ಟೋಕಾಹೆ ಉಳಿದವರನ್ನು ಮೇಲಕ್ಕೆ ಕರೆತಂದ. ಅವರು ಆ ಬೈಸನ್‌ಗಳ ಹೆಜ್ಜೆ ಹಿಡಿದು ನಡೆದು ಬದುಕು ಕಟ್ಟಿಕೊಂಡರು. ಬಂದ ದಾರಿ ಮರೆಯದಿರಲಿ ಎಂದು ಸೃಷ್ಟಿಕರ್ತ ಆ ಬಾಗಿಲನ್ನು ಈಗಿರುವಷ್ಟು ಚಿಕ್ಕದು ಮಾಡಿದ.

ನೋಡಿ, ಈ ಕಥೆಯಲ್ಲಿ ಗುಹೆ, ಹುಲ್ಲು, ಬೈಸನ್, ಮನುಷ್ಯ ಎಲ್ಲ ಒಂದೇ ಸಂಸಾರ. ವಿಜ್ಞಾನದ ದಾರಿಯಲ್ಲಿ ಹೋದರೂ ಇಂಥದೇ ನಂಟು ಸಿಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಗುಹೆಯೊಳಗೆ ನಾವಾಗಿಯೇ ಹೋಗುವಂತಿಲ್ಲ, ರೇಂಜರ್ ಜೊತೆಯಲ್ಲೇ ಹೋಗಬೇಕು. ಆಂಧ್ರದ ಬೇಲಂ ಗುಹೆ ನೋಡಿದವರು ಇಲ್ಲೂ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕಂಬಗಳನ್ನು ಹುಡುಕಬಹುದು. ಅವು ಇಲ್ಲಿ ಬಹಳ ಅಪರೂಪ, ಯಾಕೆಂದರೆ ಈ ಗುಹೆ ಸಾಕಷ್ಟು ಒಣ. ಇಲ್ಲಿನ ವಿಶೇಷ ಬಾಕ್ಸ್‌ವರ್ಕ್. ಚಾವಣಿಗೆ ಬೆಳಕು ಬಿಟ್ಟರೆ ಕಂದು ಬಣ್ಣದ ತೆಳು ಕಲ್ಲಿನ ಹಾಳೆಗಳು ಒಂದಕ್ಕೊಂದು ಅಡ್ಡ ಹಾಯ್ದು, ಜೇನುಗೂಡಿನ ಹಾಗೆ ಖಾನೆ ಖಾನೆಯಾಗಿ ಕಾಣುತ್ತವೆ. ಈ ಸುಣ್ಣಕಲ್ಲು ಹುಟ್ಟಿದ್ದು 30 ಕೋಟಿ ವರ್ಷಗಳಿಗೂ ಹಿಂದೆ, ಸಮುದ್ರದ ತಳದಲ್ಲಿ. ಕಲ್ಲು ಬಿರುಕುಬಿಟ್ಟಿತು, ಬಿರುಕುಗಳಲ್ಲಿ ಕ್ಯಾಲ್ಸೈಟ್ ಎಂಬ ಗಟ್ಟಿಯಾದ ಖನಿಜ ತುಂಬಿಕೊಂಡಿತು. ಆಮೇಲೆ ಸುತ್ತಲಿನ ಕಲ್ಲು ಕರಗಿಹೋಯಿತು, ಬಿರುಕು ತುಂಬಿದ್ದ ಹಾಳೆಗಳು ಮಾತ್ರ ಉಳಿದವು. ಜಗತ್ತಿನಲ್ಲಿ ಇಷ್ಟು ಬಾಕ್ಸ್‌ವರ್ಕ್ ಇರುವ ಗುಹೆ ಇನ್ನೊಂದಿಲ್ಲ. ದಯವಿಟ್ಟು ಮುಟ್ಟಬೇಡಿ. ಒಂದು ಹಾಳೆ ಮುರಿದರೆ ಮತ್ತೆ ಬೆಳೆಯುವುದಿಲ್ಲ.

ಇಲ್ಲಿ ಒಬ್ಬ ಹುಡುಗನನ್ನು ನೆನೆಯಲೇಬೇಕು. ಆಲ್ವಿನ್ ಮೆಕ್‌ಡೊನಾಲ್ಡ್. ಒಂದು ಗಣಿ ಕಂಪನಿಯ ಪರವಾಗಿ ಅವನ ತಂದೆ ಇಲ್ಲಿಗೆ ಬಂದಿದ್ದರು. ಚಿನ್ನ ಸಿಗಲಿಲ್ಲ. ಹದಿಹರೆಯದ ಆಲ್ವಿನ್ ಮಾತ್ರ ಗುಹೆಗೆ ಮನಸೋತ. ಮೋಂಬತ್ತಿ ಹಿಡಿದು, ದಾರಿ ತಪ್ಪದಿರಲು ದಾರ ಬಿಡುತ್ತಾ ಕತ್ತಲಲ್ಲಿ ತೆವಳಿದ. ಕಂಡದ್ದನ್ನೆಲ್ಲ ಡೈರಿಯಲ್ಲಿ ಬರೆದಿಟ್ಟ. ಈ ಗುಹೆಯ ಕೊನೆ ಕಾಣುವ ಆಸೆಯನ್ನೇ ಬಿಟ್ಟಿದ್ದೇನೆ ಎಂದು 1891ರಲ್ಲಿ ಬರೆದ. ಬರೆದ ಮೇಲೂ ಹೋಗುತ್ತಲೇ ಇದ್ದ. 1893ರಲ್ಲಿ ಶಿಕಾಗೋದ ದೊಡ್ಡ ಮೇಳಕ್ಕೆ ಹೋಗಿ ಬಂದವನಿಗೆ ಟೈಫಾಯ್ಡ್ ತಗುಲಿತ್ತು. ಅದೇ ವರ್ಷ ತೀರಿಕೊಂಡ. ಆಗ ಅವನಿಗೆ ಬರೀ 20 ವರ್ಷ. ಅವನ ಸಮಾಧಿ ಗುಹೆಯ ಬಾಯಿಗೆ ಹತ್ತಿರದಲ್ಲೇ ಇದೆ, ಹೋದವರು ಒಂದು ನಿಮಿಷ ಅಲ್ಲಿ ನಿಂತು ಬನ್ನಿ. ಇವತ್ತು 250 ಕಿಲೋಮೀಟರಿಗೂ ಜಾಸ್ತಿ ದಾರಿಯ ನಕ್ಷೆ ಸಿದ್ಧವಾಗಿದೆ. ಇಷ್ಟು ದಾರಿ ಇರುವುದು ಮೂರ್ನಾಲ್ಕು ಚದರ ಕಿಲೋಮೀಟರಿನಷ್ಟು ನೆಲದ ಕೆಳಗೆ. ಗಾಳಿಯ ಲೆಕ್ಕ ಹಾಕಿದರೆ ಇನ್ನೂ ಕಾಣದ ಭಾಗವೇ ಹೆಚ್ಚು. ಆಲ್ವಿನ್ ಬರೆದದ್ದು ಸರಿಯಾಗಿಯೇ ಇತ್ತು.

1903ರ ಜನವರಿ 9ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸಹಿ ಹಾಕಿ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. ಗುಹೆಯನ್ನು ಕಾಪಾಡಲೆಂದೇ ಮಾಡಿದ ಮೊದಲ ರಾಷ್ಟ್ರೀಯ ಉದ್ಯಾನ ಇದು.

ಈಗ ಮೇಲಕ್ಕೆ ಬನ್ನಿ. ನನಗೆ ಜಾಸ್ತಿ ಹಿಡಿಸಿದ್ದು ಈ ಬಯಲೇ. ಸುಮ್ನೆ ಕಾರಿನಿಂದ ನೋಡಿದರೆ ಬರೀ ಹುಲ್ಲು ಅನಿಸಬಹುದು. ಪೂರ್ವದ ಎತ್ತರದ ಹುಲ್ಲು ಮತ್ತು ಪಶ್ಚಿಮದ ಗಿಡ್ಡ ಹುಲ್ಲು ಕೂಡಿ ಬೆಳೆಯುವ ಜಾಗ ಇದು. ಬೆಟ್ಟದ ಕಡೆಯಿಂದ ಪಾಂಡರೋಸಾ ಪೈನ್ ಮರಗಳು ಬಯಲಿಗೆ ಇಳಿಯುತ್ತವೆ. ಹಾಗೇ ಬಿಟ್ಟರೆ ಹುಲ್ಲಿನ ಜಾಗವನ್ನೆಲ್ಲ ಮರಗಳೇ ತುಂಬಿಕೊಳ್ಳುತ್ತವೆ. ಅದಕ್ಕೇ ಉದ್ಯಾನದವರು ಆಗಾಗ ತಾವೇ ಹದವಾಗಿ ಬೆಂಕಿ ಹಾಕುತ್ತಾರೆ. ಮರ ಜಾಸ್ತಿಯಾದರೆ ಅವೇ ನೀರು ಹೀರಿಕೊಳ್ಳುತ್ತವೆ, ಕೆಳಗಿನ ಗುಹೆಗೆ ಇಳಿಯುವ ನೀರು ಕಡಿಮೆಯಾಗುತ್ತದೆ. ಆಗಲೇ ಹೇಳಿದ ನಂಟು ಇದೇ. ಬಯಲಿನಲ್ಲಿ ಬಿದ್ದ ಮಳೆಯೇ ಗುಹೆಯಲ್ಲಿ ಹನಿಯಾಗಿ ತೊಟ್ಟಿಕ್ಕುವುದು. ಕಾರು ನಿಲ್ಲಿಸುವ ಜಾಗದ ಎಣ್ಣೆ ಕೂಡ ಮಳೆನೀರಿನ ಜೊತೆ ಕೆಳಗಿಳಿಯಬಹುದು. ಹಾಗಾಗಿ ಅಲ್ಲಿ ಡಾಂಬರು ತೆಗೆದು ಕಾಂಕ್ರೀಟ್ ಹಾಕಿ, ಹರಿಯುವ ನೀರನ್ನು ಸೋಸುವ ಏರ್ಪಾಡು ಮಾಡಿದ್ದಾರೆ.

ಇನ್ನು ಬೈಸನ್. ನಮ್ಮ ಮಲೆನಾಡಿನ ಕಾಟಿಯನ್ನೂ ಕೆಲವರು ಬೈಸನ್ ಎನ್ನುತ್ತಾರೆ, ಇದು ಬೇರೆ ಪ್ರಾಣಿ. ಒಂದು ಕಾಲಕ್ಕೆ ಕೋಟಿಗಟ್ಟಲೆ ಇದ್ದವು. 19ನೇ ಶತಮಾನ ಮುಗಿಯುವಷ್ಟರಲ್ಲಿ ಬೇಟೆಗಾರರು ಕೊಂದು ಕೊಂದು, ಸಾವಿರದ ಆಸುಪಾಸಿಗೆ ತಂದಿಟ್ಟರು. ಬೈಸನ್ ನಂಬಿ ಬದುಕಿದ್ದ ಲಕೋಟಾ ಜನರ ಬೆನ್ನೂ ಅದರ ಜೊತೆಗೇ ಮುರಿಯಿತು. 1868ರ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಅವರದೇ ಎಂದು ಒಪ್ಪಿಕೊಂಡಿದ್ದ ಸರ್ಕಾರ, ಚಿನ್ನ ಸಿಕ್ಕ ಮೇಲೆ 1877ರಲ್ಲಿ ಅದನ್ನು ಕಿತ್ತುಕೊಂಡಿತು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಪರಿಹಾರ ಕೊಡಬೇಕು ಎಂದು ತೀರ್ಪು ಕೊಟ್ಟಿತು. ಅವರು ಆ ಹಣ ಮುಟ್ಟಿಲ್ಲ. ನಮಗೆ ನೆಲ ಬೇಕು ಎನ್ನುತ್ತಾರೆ. ಆ ಬೆಟ್ಟಗಳಲ್ಲಿ ಓಡಾಡುವಾಗ ಇದು ನಮಗೆ ಗೊತ್ತಿರಬೇಕು ಅಲ್ವಾ.

1913ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಿಂದ 14 ಬೈಸನ್‌ಗಳು ರೈಲಿನಲ್ಲಿ ಇಲ್ಲಿಗೆ ಬಂದವು. 1916ರಲ್ಲಿ ಯೆಲ್ಲೋಸ್ಟೋನ್‌ನಿಂದ ಇನ್ನೂ ಆರು. ಈಗಿನ ಹಿಂಡೆಲ್ಲ ಅವುಗಳ ಸಂತಾನ. ಸಾಕುದನದ ಬೆರಕೆ ತೀರಾ ಕಡಿಮೆ ಇರುವ ಹಿಂಡುಗಳಲ್ಲಿ ಇದೂ ಒಂದು. ಇಲ್ಲಿಂದ ಅಯೋವಾ, ಮೊಂಟಾನಾ ರಾಜ್ಯಗಳ ಹುಲ್ಲುಗಾವಲುಗಳಿಗೂ ಬೈಸನ್‌ಗಳು ಹೋಗಿ ಹೊಸ ಹಿಂಡು ಕಟ್ಟಿವೆ.

ರಸ್ತೆಯ ಪಕ್ಕದಲ್ಲೇ ಪ್ರೇರಿ ಡಾಗ್‌ಗಳ ಬಿಲಗಳ ಸಾಲು ಕಾಣುತ್ತದೆ. ಹೆಸರು ಡಾಗ್ ಎಂದಿದ್ದರೂ ಅದು ಅಳಿಲಿನ ಬಳಗದ ಪ್ರಾಣಿ. ಅದು ಮೇದ ಜಾಗದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಅದನ್ನು ಹುಡುಕಿಕೊಂಡು ಬೈಸನ್ ಬರುತ್ತದೆ. ಪ್ರೇರಿ ಡಾಗ್‌ಗಳನ್ನೇ ತಿಂದು, ಅವುಗಳ ಬಿಲದಲ್ಲೇ ಬದುಕುವ ಕಪ್ಪು ಕಾಲಿನ ಫೆರೆಟ್ ಎಂಬ ಸಣ್ಣ ಪ್ರಾಣಿ ಇನ್ನಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. 1981ರಲ್ಲಿ ವಯೋಮಿಂಗ್‌ನ ಒಂದು ಸಾಕುನಾಯಿ ಸತ್ತ ಫೆರೆಟ್ ಒಂದನ್ನು ಮನೆಗೆ ಕಚ್ಚಿ ತಂದಿತು. ಆಗಲೇ ಅವು ಇನ್ನೂ ಉಳಿದಿವೆ ಎಂದು ಗೊತ್ತಾದದ್ದು. ಉಳಿದ ಕೆಲವನ್ನು ಹಿಡಿದು, ಸಾಕಿ, ಮರಿ ಮಾಡಿಸಿದರು. 2007ರಲ್ಲಿ ವಿಂಡ್ ಕೇವ್ ಬಯಲಿಗೂ ಅವನ್ನು ಬಿಟ್ಟರು. ಫೆರೆಟ್ ರಾತ್ರಿ ಓಡಾಡುವ ಪ್ರಾಣಿ, ಕಣ್ಣಿಗೆ ಬೀಳುವುದು ಅಪರೂಪ. ಆದರೂ ಅದು ಅಲ್ಲಿದೆ ಎಂಬುದೇ ನನಗೆ ದೊಡ್ಡ ಸಮಾಧಾನ.

ಹೋಗುವವರಿಗೆ ಕೆಲವು ಮಾತು. ಉದ್ಯಾನದೊಳಗೆ ಹೋಗಲು ಶುಲ್ಕವಿಲ್ಲ, ಗುಹೆಗೆ ಟಿಕೆಟ್ ಬೇಕು. ಬೇಸಿಗೆಯಲ್ಲಿ ಬೇಗ ಖಾಲಿಯಾಗುತ್ತದೆ, ಮೊದಲೇ ಬುಕ್ ಮಾಡಿಕೊಳ್ಳಿ. ಮಂಡಿನೋವಿರುವ ಹಿರಿಯರಿದ್ದರೆ ಗಾರ್ಡನ್ ಆಫ್ ಈಡನ್ ಎಂಬ ಚಿಕ್ಕ ಸುತ್ತು ಒಳ್ಳೆಯದು, ಸುಮಾರು 150 ಮೆಟ್ಟಿಲು. ನ್ಯಾಚುರಲ್ ಎಂಟ್ರೆನ್ಸ್ ಸುತ್ತಿನಲ್ಲಿ ಸುಮಾರು 300 ಮೆಟ್ಟಿಲಿದ್ದರೂ ಹೆಚ್ಚಿನವು ಇಳಿಯುವಂಥವು, ವಾಪಸ್ ಬರಲು ಲಿಫ್ಟ್ ಇದೆ. ಲಿಫ್ಟ್ ನಡೆಯುತ್ತಿದೆಯೇ ಎಂದು ಹೊರಡುವ ಮುಂಚೆ ವಿಚಾರಿಸಿ. ಒಳಗೆ ವರ್ಷವಿಡೀ 12 ಡಿಗ್ರಿಯಷ್ಟು ತಂಪು, ಸ್ವೆಟರ್ ಇರಲಿ. ಬೇರೆ ಗುಹೆಗೆ ಹಾಕಿಕೊಂಡು ಹೋಗಿದ್ದ ಚಪ್ಪಲಿ, ಬೂಟು, ಬಟ್ಟೆ ಇಲ್ಲಿಗೆ ಬೇಡ. ಬಾವಲಿಗಳನ್ನು ಕೊಲ್ಲುವ ಒಂದು ಶಿಲೀಂಧ್ರ ಹಾಗೆಯೇ ಹರಡುತ್ತದೆ.

ಗುಹೆಯನ್ನು ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನದ ಮೇಲೆ ರ್‍ಯಾಂಕಿನ್ ರಿಡ್ಜ್ ಹತ್ತಿ. ಉದ್ಯಾನದಲ್ಲೇ ಎತ್ತರದ ಜಾಗ ಅದು, ಹೋಗಿಬರಲು ಒಂದು ಮೈಲಿ ನಡಿಗೆ ಅಷ್ಟೇ. ಸಂಜೆ ರಸ್ತೆಯಲ್ಲಿ ನಿಧಾನವಾಗಿ ಕಾರು ಓಡಿಸಿ. ಬೈಸನ್ ಸಾಧುವಾಗಿ ಕಂಡರೂ ಗಂಟೆಗೆ 50 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡಬಲ್ಲದು. 25 ಗಜಕ್ಕಿಂತ ಹತ್ತಿರ ಹೋಗಬೇಡಿ. ಮೊಮ್ಮಕ್ಕಳಿಗೆ ಫೋಟೊ ಬೇಕಿದ್ದರೆ ಕಾರಿನೊಳಗೆ ಕೂತೇ ತೆಗೆಯಿರಿ.

ನಮಸ್ಕಾರ.