ಸ ಪ ಸ ಗ ಪ ಸ: ಸಿಸ್ಟರ್ ರೊಸೆಟಾ ಥಾರ್ಪ್ ಅವರ ಗಿಟಾರು

ಕೇಳುಗರಿಗೆ ನಮಸ್ಕಾರ.

ಗಿಟಾರಿನ ಆರು ತಂತಿಗಳನ್ನು ಸಾಮಾನ್ಯವಾಗಿ ಇ, ಎ, ಡಿ, ಜಿ, ಬಿ, ಇ ಎಂದು ಕೂಡಿಸುತ್ತಾರೆ. ಇದು ದಪ್ಪ ತಂತಿಯಿಂದ ಹೇಳಿದ ಕ್ರಮ; ಎಣಿಕೆ ಮಾತ್ರ ಸಣ್ಣ ತಂತಿಯಿಂದ, ದಪ್ಪನೆಯದು ಆರನೆಯದು. ಈಗ ಆರನೆಯ, ಎರಡನೆಯ, ಒಂದನೆಯ ತಂತಿಗಳನ್ನು ಎರಡೆರಡು ಸ್ವರಸ್ಥಾನ ಇಳಿಸಿ. ಮೂರನೆಯದನ್ನು ಒಂದೇ ಸ್ವರಸ್ಥಾನ. ಯಾವ ಮೆಟ್ಟಿಲನ್ನೂ (ಫ್ರೆಟ್) ಒತ್ತದೆ ದಪ್ಪ ತಂತಿಯಿಂದ ಸವರಿ: ಸ, ಪ, ಸ, ಗ, ಪ, ಸ. ಗಾಂಧಾರ ಇಲ್ಲಿ ಅಂತರ ಗಾಂಧಾರ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಹೊಸದೇನಲ್ಲ. ಅಮೆರಿಕದಲ್ಲಿ ಇದಕ್ಕೆ ವೆಸ್ಟಪಾಲ್ ಶ್ರುತಿ ಎನ್ನುತ್ತಾರೆ. ಚರ್ಚಿನ ಭಕ್ತಿಗೀತೆಗಳನ್ನು ಗಿಟಾರು ನುಡಿಸುತ್ತಾ ಹಾಡುತ್ತಿದ್ದ ಅಲ್ಲಿನ ಕಪ್ಪು ಗಾಯಕಿ ಸಿಸ್ಟರ್ ರೊಸೆಟಾ ಥಾರ್ಪ್ ನೆಚ್ಚಿಕೊಂಡದ್ದು ಇದನ್ನೇ.

ರೊಸೆಟಾ ಹುಟ್ಟಿದ್ದು 1915ರಲ್ಲಿ, ಆರ್ಕನ್ಸಾದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ. ತಾಯಿ ಕೇಟಿ ಬೆಲ್ ನ್ಯೂಬಿನ್ ಮ್ಯಾಂಡೊಲಿನ್ ನುಡಿಸುತ್ತಾ ಊರೂರಿಗೆ ಹೋಗಿ ಧರ್ಮ ಸಾರುತ್ತಿದ್ದವರು. ಅವರ ಕ್ರೈಸ್ತ ಪಂಥದಲ್ಲಿ ಪ್ರಾರ್ಥನೆಯ ವೇಳೆ ಗಿಟಾರು, ತಮಟೆ, ಚಪ್ಪಾಳೆ, ಕುಣಿತ ಎಲ್ಲಕ್ಕೂ ಜಾಗವಿತ್ತು. ಆರು ವರ್ಷದ ಮಗು ಶಿಕಾಗೋಗೆ ಬರುವ ಹೊತ್ತಿಗೇ ಸಭೆಯ ಮುಂದೆ ನುಡಿಸುತ್ತಿತ್ತು. ಮೈಕಿಲ್ಲದ ಅಂಥ ಗದ್ದಲದಲ್ಲಿ ಒಂದು ಗಿಟಾರು ಕೇಳಿಸಬೇಕಾದರೆ ಬಲವಾಗಿ ಮೀಟಲೇಬೇಕು. ಮುಂದೆ ವಿದ್ಯುತ್ ಗಿಟಾರು ಕೈಗೆ ಬಂದಾಗಲೂ ಆ ಬಲ ಹೋಗಲಿಲ್ಲ.

ಈ ಶ್ರುತಿಯ ಲಾಭ ಏನೆಂದರೆ, ಒಂದೇ ಬೆರಳನ್ನು ಐದನೆಯ ಮೆಟ್ಟಿಲಿಗೆ ಅಡ್ಡ ಹಾಕಿದರೆ ಮಧ್ಯಮದ ಕಾರ್ಡು (ಒಟ್ಟಿಗೆ ನುಡಿಯುವ ಸ್ವರಗುಚ್ಛ), ಏಳನೆಯದಕ್ಕೆ ಹಾಕಿದರೆ ಪಂಚಮದ್ದು. ಹೆಬ್ಬೆರಳು ಕೆಳಗಿನ ಷಡ್ಜವನ್ನು ಬಿಡದೆ ಮೀಟುತ್ತಿರಬಹುದು, ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡಿಗೆ ಉತ್ತರ ಕೊಡಬಹುದು. ಆದರೆ ಇಳಿಸಿದ ತಂತಿ ಸಡಿಲ. ಜೋರಾಗಿ ಮೀಟಿದರೆ ಮೆಟ್ಟಿಲಿಗೆ ತಾಗಿ ಗುಂಯ್‌ಗುಡುತ್ತದೆ. ಅದಕ್ಕೆ ದಪ್ಪ ತಂತಿಯೇ ಬೇಕು. ಬಿರಡೆಯನ್ನು ಬರೀ ಇಳಿಸಿ ಬಿಡಲೂಬಾರದು: ಬೇಕಾದ ಸ್ವರಕ್ಕಿಂತ ತುಸು ಕೆಳಗಿಳಿಸಿ, ಅಲ್ಲಿಂದ ಮೇಲಕ್ಕೆ ತಿರುಗಿಸಿ ನಿಲ್ಲಿಸಬೇಕು. ಇಲ್ಲವಾದರೆ ಬಿರಡೆಯ ಹಲ್ಲುಗಳ ಸಡಿಲದಿಂದ ಹಾಡಿನ ನಡುವೆ ತಂತಿ ಜಾರುತ್ತದೆ.

1938ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಡೆಕ್ಕಾ ಎಂಬ ರೆಕಾರ್ಡ್ ಕಂಪನಿಗೆ ನಾಲ್ಕು ಹಾಡು ಹಾಡಿದರು. ಅದೇ ವರ್ಷ ಅಲ್ಲಿನ ಕಾಟನ್ ಕ್ಲಬ್ ಎಂಬ ನೈಟ್ ಕ್ಲಬ್ಬಿನಲ್ಲಿ, ಡಿಸೆಂಬರಿನಲ್ಲಿ ಕಾರ್ನೆಗಿ ಹಾಲ್ ಎಂಬ ಸಂಗೀತ ಸಭಾಂಗಣದಲ್ಲಿ ಕಾಣಿಸಿಕೊಂಡರು. ದೇವರ ಹಾಡನ್ನು ಕುಡಿಯುವವರ ಮುಂದೆ ಹಾಡಿದ್ದಕ್ಕೆ ಚರ್ಚಿನವರು ಮುನಿದರು. ಆ ಮುನಿಸು ಕಡೆಯವರೆಗೂ ಪೂರ್ತಿ ಆರಲಿಲ್ಲ. 1944ರಲ್ಲಿ ಸ್ಯಾಮಿ ಪ್ರೈಸ್ ಅವರ ಪಿಯಾನೊ ಜೊತೆ ಮುದ್ರಿಸಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವೆರಿ ಡೇ' ಮರುವರ್ಷ ಬಿಲ್‌ಬೋರ್ಡ್ ಪತ್ರಿಕೆಯ ಕಪ್ಪು ಸಂಗೀತದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. 1947ರಲ್ಲಿ ಜಾರ್ಜಿಯಾದ ಮೇಕನ್‌ನಲ್ಲಿ ಒಬ್ಬ ಹುಡುಗನ ಹಾಡು ಕೇಳಿ ಮೆಚ್ಚಿ ವೇದಿಕೆಗೆ ಕರೆದರು. ಆತನೇ ಮುಂದೆ ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್ ಆದದ್ದು.

1951ರ ಜುಲೈ 3ರಂದು ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ ಅವರ ಮದುವೆ. ಟಿಕೆಟ್ ಕೊಂಡು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. ಮದುವೆಯ ಉಡುಪಿನಲ್ಲೇ ಮದುಮಗಳು ಗಿಟಾರು ಹಿಡಿದರು. ವ್ಯಾಪಾರವೇ, ಸರಿ. ಆದರೆ ಅಷ್ಟು ದೊಡ್ಡ ಕ್ರೀಡಾಂಗಣವನ್ನು ಗಿಟಾರಿನ ಹೆಸರಿನಲ್ಲಿ ತುಂಬಿಸಿದವರು ಆಗ ಬೇರೆ ಯಾರಿದ್ದರು?

1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ಸಮಾಧಿಗೆ ಹೆಸರಿನ ಕಲ್ಲು ಬರಲು ಮೂವತ್ತೈದು ವರ್ಷದ ಆಸುಪಾಸು ಹಿಡಿಯಿತು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿಗೆ ಸೇರಿಸಿದ್ದು 2018ರಲ್ಲಿ.

ಅವರನ್ನು ನೋಡಬೇಕೆನಿಸಿದವರು 1964ರ ಮೇ 7ರ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಟಿವಿ ಚಿತ್ರೀಕರಣದಿಂದ ಶುರುಮಾಡಿ. ಬಳಕೆಯಲ್ಲಿಲ್ಲದ ವಿಲ್‌ಬ್ರಾಮ್ ರೋಡ್ ರೈಲು ನಿಲ್ದಾಣ. ಒಂದು ಪ್ಲಾಟ್‌ಫಾರ್ಮಿನಲ್ಲಿ ಕಲಾವಿದರು, ಎದುರಿನದರಲ್ಲಿ ಶ್ರೋತೃಗಳು, ನಡುವೆ ಹಳಿ. ಮಳೆ ಬಂದಿತ್ತೆಂದು ಮಳೆಯ ಹಾಡನ್ನೇ ಎತ್ತಿಕೊಂಡರು. ಕೈಯಲ್ಲಿ ಮೂರು ಪಿಕಪ್‌ಗಳ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಧನ) ಬಿಳಿ ಗಿಬ್ಸನ್ ಗಿಟಾರು. ಹಾಡಿನ ಸಾಲು ಮುಗಿದು ಇನ್ನೊಂದು ಶುರುವಾಗುವ ಮುಂಚಿನ ಆ ಒಂದು ಉಸಿರಿನಷ್ಟು ಜಾಗದಲ್ಲಿ ಅವರ ಎಡಗೈಯನ್ನು ಗಮನಿಸಿ.